ಕ್ರಿಯಾಪದದ ಬಾಲ

ಪ್ರೀತಿಯ ತಮ್ಮ,

ನಿನ್ನ ಲೇಖನವನ್ನು ಎರಡು ಸಲ ಓದಿದೆ. ಅಮೆರಿಕದ ಕಪ್ಪು ಜನರ ಬಗ್ಗೆ ಬರೆಯಲು ಕುಳಿತವರೆಲ್ಲ ಮಾರ್ಟಿನ್ ಲೂಥರ್ ಕಿಂಗ್ ಅವರ ಭಾಷಣದಿಂದಲೇ ಶುರು ಮಾಡುತ್ತಾರೆ. ನೀನು ಅಲಬಾಮಾದ ಗ್ಯಾಡ್ಸ್‌ಡನ್ ಊರಿನ ಕೋರ್ಟಿಗೆ, 1963ರಲ್ಲಿ ಅಲ್ಲಿ ನಿಂತಿದ್ದ ಕಪ್ಪು ಜನರ ಹಕ್ಕುಗಳ ಹೋರಾಟಗಾರ್ತಿ ಮೇರಿ ಹ್ಯಾಮಿಲ್ಟನ್ ಅವರ ಬಳಿಗೆ ಹೋದೆ. ಅದಕ್ಕೇ ಬೆನ್ನು ತಟ್ಟಬೇಕು.

ಆದರೆ ನಿನ್ನ ಬರಹದಲ್ಲಿ ನ್ಯಾಯಾಧೀಶರು ‘ಹೇಳಿದರು’, ಸರ್ಕಾರಿ ವಕೀಲರು ‘ಕೇಳಿದರು’, ಮೇರಿ ಮಾತ್ರ ‘ಹಟ ಹಿಡಿದಳು’. ಆ ಹಟ ಯಾತಕ್ಕಾಗಿತ್ತು? ಬಿಳಿಯ ಹೆಂಗಸಾಗಿದ್ದರೆ ‘ಮಿಸ್’ ಎನ್ನುತ್ತಿದ್ದ ವಕೀಲ ಇವರನ್ನು ಬರೀ ‘ಮೇರಿ’ ಎಂದ. ಸರಿಯಾಗಿ ಕರೆಯುವ ತನಕ ಉತ್ತರ ಕೊಡುವುದಿಲ್ಲ ಎಂದರು ಇವರು. ನ್ಯಾಯಾಂಗ ನಿಂದನೆಯೆಂದು ಐದು ದಿನ ಜೈಲು, 50 ಡಾಲರ್ ದಂಡ. 1964ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. ಇಷ್ಟನ್ನೂ ನೀನೇ ಬರೆದು, ಆ ವಕೀಲ ಮಾಡಿದ್ದನ್ನೇ ನೀನೂ ಮಾಡಿದ್ದೀಯ!

ಇಂಗ್ಲಿಷಿನಲ್ಲಿ ನೀನು, ನೀವು ಎಂಬ ಭೇದವಿಲ್ಲ. ಅಮೆರಿಕದ ದಕ್ಷಿಣ ರಾಜ್ಯಗಳ ಬಿಳಿಯರ ತಾತ್ಸಾರ ಹೆಸರಿನ ಆಸುಪಾಸಿನಲ್ಲೇ ಠಿಕಾಣಿ ಹೂಡಿತ್ತು. ತಲೆ ನರೆತ ಗಂಡಸಿಗೂ ‘ಬಾಯ್’ ಎನ್ನುತ್ತಿದ್ದರು; ಮಿಸ್ಟರ್ ಎನ್ನಲು ನಾಲಿಗೆ ಹೊರಳುತ್ತಿರಲಿಲ್ಲ. ನಮ್ಮಲ್ಲಿ ಮರ್ಯಾದೆ ಕ್ರಿಯಾಪದದ ಬಾಲದಲ್ಲಿ ಕೂತಿರುತ್ತದೆ. ಹಾಗಾಗಿ ಕನ್ನಡದಲ್ಲಿ ಬರೆಯುವವನು ತಪ್ಪಿಸಿಕೊಳ್ಳುವಂತಿಲ್ಲ, ಹೆಚ್ಚುಕಡಿಮೆ ಪ್ರತಿ ವಾಕ್ಯದಲ್ಲೂ ಯಾರ ಕಡೆ ಎಂದು ತೋರಿಸಿಕೊಳ್ಳಲೇಬೇಕು. ವಕೀಲನ ಬಾಯಲ್ಲಿ ಏಕವಚನ ಇರಲಿ, ‘ನಿನ್ನನ್ನು ಹಿಡಿದವರು ಯಾರು, ಮೇರಿ?’ ಎಂದೇ ಕೇಳಲಿ, ಓದುಗನಿಗೆ ಚುರುಕ್ಕೆನ್ನಲಿ. ನಿನ್ನ ನಿರೂಪಣೆಯಲ್ಲಿ ಬೇಡ. (ನಾನು ನಿನಗೆ ‘ನೀನು’ ಎನ್ನುವುದು ಸಲುಗೆ. ಬೇಡವೆಂದರೆ ಬಿಡುತ್ತೇನೆ. ಹ್ಯಾಮಿಲ್ಟನ್ ಅವರು ಬೇಡವೆಂದರೂ ಆ ವಕೀಲ ಬಿಡಲಿಲ್ಲ.)

ನಾನೇನೂ ಸಾಚಾ ಅಲ್ಲ. ನಲವತ್ತು ವರ್ಷದ ಹಿಂದೆ ಒಂದು ವಾರಪತ್ರಿಕೆಗೆ ಬರೆದಾಗ ಬಿಳಿಯರಿಗೆ ಸೀಟು ಬಿಟ್ಟುಕೊಡದ ನನ್ನ ರೋಸಾ ಪಾರ್ಕ್ಸ್ ಬಸ್ಸಿನಲ್ಲಿ ‘ಕುಳಿತಳು’, ಅದೇ ಪುಟದಲ್ಲಿ ಅಧ್ಯಕ್ಷ ಕೆನಡಿ ‘ನುಡಿದರು’. ಕತ್ತರಿಸಿಟ್ಟ ಆ ಹಾಳೆ ಈಗಲೂ ನನ್ನ ಕಪಾಟಿನಲ್ಲಿದೆ, ತೆಗೆದು ನೋಡಲು ಮನಸ್ಸಾಗುವುದಿಲ್ಲ.

ಇನ್ನೊಂದು. ಹ್ಯಾಮಿಲ್ಟನ್ ಅವರನ್ನು ‘ಕಡುಕಪ್ಪು ಮೈಯ ಯುವತಿ’ ಎಂದಿದ್ದೀಯ. ಎಲ್ಲಿ ಸಿಕ್ಕಿತು ಈ ಬಣ್ಣ? ಅವರು ಬೆಳ್ಳಗಿದ್ದರು, ಬಿಳಿಯಳೆಂದು ಹೇಳಿಕೊಂಡು ಬದುಕಿಬಿಡಬಹುದಾದಷ್ಟು. ಅವರಿಗೆ ಅದು ಬೇಕಿರಲಿಲ್ಲ. ಅಲ್ಲಿ ಕಪ್ಪು ಎನ್ನುವುದು ಚರ್ಮದ ಲೆಕ್ಕವಷ್ಟೇ ಆಗಿರಲಿಲ್ಲ. ವರ್ಜೀನಿಯಾ ರಾಜ್ಯದ 1924ರ ಕಾನೂನು ರಕ್ತದ ತೊಟ್ಟನ್ನೂ ಎಣಿಸುತ್ತಿತ್ತು, ವಂಶದಲ್ಲಿ ಒಬ್ಬರು ಕಪ್ಪಾಗಿದ್ದರೂ ಬಿಳಿಯರೆನಿಸಿಕೊಳ್ಳುವಂತಿರಲಿಲ್ಲ. ಬಿಳಿಯಳಾಗಿ ನುಸುಳಿಕೊಳ್ಳಬಹುದಾಗಿದ್ದ ಹೆಣ್ಣುಮಗಳು ಕಪ್ಪು ಹೆಂಗಸಾಗಿಯೇ ನಿಂತು ‘ಮಿಸ್’ ಕೇಳಿದರು ಎನ್ನುವುದೇ ನಿನ್ನ ಲೇಖನದ ಜೀವ. ಅದನ್ನು ಒಂದು ವಿಶೇಷಣದಿಂದ ಮುಚ್ಚಿಹಾಕಿದ್ದೀಯ.

ಪೆನ್ಸಿಲ್ಲಿನಲ್ಲಿ ಹನ್ನೊಂದು ಕಡೆ ಗುರುತು ಹಾಕಿದ್ದೇನೆ. ತಿದ್ದಿ ಕಳಿಸು. ‘ಕರಿಯಳು’ ಎಂಬುದನ್ನು ನಾನೇ ಹೊಡೆದುಹಾಕಿದ್ದೇನೆ, ಅದನ್ನು ನಿನ್ನ ಹತ್ತಿರ ಕೇಳಲಿಲ್ಲ.

ಇಂತಿ,
ನಿನ್ನ ಅಣ್ಣ