14ನೇ ವಚನಕ್ಕೇ ನಿಲ್ಲಿಸಬೇಡಿ

ಮಾನ್ಯರೇ,

ನಮ್ಮ ಕಡೆಯ ಪ್ರಾರ್ಥನಾ ಕೂಟಗಳಲ್ಲಿ ಬೈಬಲಿನ ಧರ್ಮೋಪದೇಶಕಾಂಡದ 28ನೇ ಅಧ್ಯಾಯ ಓದುವವರು 14ನೇ ವಚನಕ್ಕೆ ಪುಸ್ತಕ ಮುಚ್ಚಿಬಿಡುತ್ತಾರೆ. ಕಣಜ ತುಂಬುತ್ತದೆ, ಸಾಲ ಕೊಡುವವರಾಗುತ್ತೀರಿ, ಬಾಲವಲ್ಲ ತಲೆಯಾಗುತ್ತೀರಿ ಎಂಬಲ್ಲಿಗೆ ಮಾತು ಮುಗಿಯಿತು. ಆಮೇಲೆ 68ರವರೆಗೂ ಶಾಪವೇ: ತಲೆಯ ಮೇಲೆ ತಾಮ್ರದ ಆಕಾಶ, ಕಾಲಡಿ ಕಬ್ಬಿಣದ ನೆಲ, ಬಿತ್ತಿದ್ದೆಲ್ಲ ಮಿಡತೆಯ ಪಾಲು. ಯೆಹೂದಿ ಸಭಾಮಂದಿರಗಳಲ್ಲಿ ಈ ಭಾಗವನ್ನು ಬಿಡುವುದಿಲ್ಲ, ತಗ್ಗಿದ ದನಿಯಲ್ಲಿ ಓದುತ್ತಾರೆ.

ಅದರ ಹಿಂದಿನ ಅಧ್ಯಾಯ ನನಗೆ ಇನ್ನೂ ಮುಖ್ಯ. ಗೆರಿಜೀಮ್, ಏಬಾಲ್ ಬೆಟ್ಟಗಳಲ್ಲಿ ಇಸ್ರಾಯೇಲರ ಆರಾರು ಕುಲಗಳು ನಿಂತಿರಬೇಕು. ದೇವರ ಸೇವೆಗೆ ಮೀಸಲಾದ ಲೇವಿಯರು ಕೂಗಿ ಹೇಳುವ ಒಂದೊಂದು ಶಾಪಕ್ಕೂ ಜನರೆಲ್ಲ 'ಆಮೆನ್' ಅನ್ನಬೇಕು. ಯಾರಿಗೆ ಶಾಪ? ನೆರೆಯವನ ಗಡಿಕಲ್ಲು ಸರಿಸಿದವನಿಗೆ, ಕುರುಡನ ದಾರಿ ತಪ್ಪಿಸಿದವನಿಗೆ, ಪರದೇಶಿ, ಅನಾಥ, ವಿಧವೆಯರ ನ್ಯಾಯ ಕೆಡಿಸಿದವನಿಗೆ.

ಕಳೆದ ಮಳೆಗಾಲದಲ್ಲಿ ನಮ್ಮ ನೆರೆಯ ವಿಧವೆಯೊಬ್ಬರ ಹಸು ಸತ್ತಾಗ, 'ದಶಮಾಂಶ (ಆದಾಯದ ಹತ್ತರಲ್ಲೊಂದು ಪಾಲಿನ ಕಾಣಿಕೆ) ತಪ್ಪಿಸಿದ್ದಕ್ಕೆ ಶಾಪ' ಎಂದು ಬೋಧಕರೊಬ್ಬರು ಆಕೆಯ ಅಂಗಳದಲ್ಲೇ ನಿಂತು ಹೇಳಿದರು. ನನ್ನ ಕರುಳು ಚುರುಕ್ಕೆಂದಿತು. ತಪ್ಪಿಲ್ಲದೆ ನೊಂದ ಯೋಬನಿಗೆ ಹೀಗೇ ಪಾಪದ ಲೆಕ್ಕ ಒಪ್ಪಿಸಿದ ಗೆಳೆಯರ ಮೇಲೆ ದೇವರು ಕೋಪಗೊಂಡದ್ದೂ ಅದೇ ಬೈಬಲಿನಲ್ಲಿದೆ. ಬೋಧಿಸುವವರು ಮೊದಲು ಪೂರ್ತಿ ಓದಲಿ. ಆ ಮನೆಗೆ ಹೋಗಿ ಆಕೆಯ ಕ್ಷಮೆಯನ್ನೂ ಕೇಳಲಿ.

— ನಿವೃತ್ತ ಶಿಕ್ಷಕಿ, ಉಡುಪಿ