ತುಕ್ಕನ್ನು ಗುರುತಿಸದ ಗಿಡಕ್ಕೆ ಟಾನಿಕ್ ಏನು ಮಾಡೀತು?

ಮಾನ್ಯ ಸಂಪಾದಕರೇ,

ಗಿಡಗಳಿಗೂ ನಮ್ಮ ಹಾಗೆಯೇ ರೋಗನಿರೋಧಕ ಶಕ್ತಿ ಇದೆ, ಟಾನಿಕ್ ಹೊಡೆದು ಅದನ್ನು ಹೆಚ್ಚಿಸಬಹುದು ಎಂಬ ಲೇಖನವನ್ನು ನಿಮ್ಮ ಕೃಷಿ ಪುಟದಲ್ಲಿ ಓದಿದೆ. ಶಕ್ತಿ ಇರುವುದು ನಿಜ. ‘ನಮ್ಮ ಹಾಗೆಯೇ’ ಅನ್ನುವುದಕ್ಕೆ ನನ್ನ ತಕರಾರು. ಇದೇ ಮಾತು ಹೇಳಿಕೊಂಡು ಬಾಟಲಿ ಮಾರುವವರು ನಮ್ಮ ತೋಟದ ಗೇಟಿನವರೆಗೂ ಬರುತ್ತಾರೆ.

ನಮ್ಮದು ಅರೇಬಿಕಾ ಕಾಫಿ ತೋಟ, ಜಾಸ್ತಿ ಇರುವುದು ಎಸ್.795 ಎಂಬ ತಳಿ. ಎಲೆ ತುಕ್ಕು ಎಂಬ ಶಿಲೀಂಧ್ರ ರೋಗ ಪ್ರತಿ ವರ್ಷದ ತಲೆನೋವು. ಕಾಫಿ ಗಿಡದಲ್ಲಿ ಓಡಾಡಿ ರೋಗಾಣು ಹಿಡಿಯುವ ಬಿಳಿ ರಕ್ತಕಣ ಇಲ್ಲ. ಒಂದೊಂದು ಕೋಶವೂ ತನ್ನ ಕಾವಲು ತಾನೇ ಕಾಯಬೇಕು. ತುಕ್ಕಿನ ಬೀಜಕಣ ಎಲೆಯ ಅಡಿ ಕೂತು, ನೀರಿನ ಪಸೆ ಸಿಕ್ಕರೆ ಮೊಳೆತು, ಎಲೆ ಉಸಿರಾಡುವ ರಂಧ್ರದಿಂದ ಒಳಗೆ ನುಗ್ಗುತ್ತದೆ. ಶಿಲೀಂಧ್ರದ ಮೈಗೋಡೆಯಲ್ಲಿ ಕೈಟಿನ್ ಎಂಬ ಗಟ್ಟಿ ವಸ್ತು ಇರುತ್ತದೆ, ಗಿಡದಲ್ಲಿ ಅದಿಲ್ಲ. ಅದರ ಚೂರು ತಾಗಿದರೆ ಸಾಕು, ಕೋಶದ ಹೊರಪೊರೆಯಲ್ಲಿ ಅದನ್ನು ಗುರುತು ಹಿಡಿಯುವ ಗ್ರಾಹಕಗಳು ಎಚ್ಚರಗೊಳ್ಳುತ್ತವೆ. ಕೋಶ ತನ್ನ ಗೋಡೆ ದಪ್ಪ ಮಾಡಿಕೊಳ್ಳುತ್ತದೆ.

ತುಕ್ಕೂ ಕಮ್ಮಿಯೇನಲ್ಲ. ಕೋಶದೊಳಗೆ ಹೀರುಕೊಂಬು ಇಳಿಸಿ, ಈ ಕಾವಲನ್ನು ಮಂಕು ಮಾಡುವ ಪ್ರೋಟೀನು ಬಿಡುತ್ತದೆ. ತಳಿಯಲ್ಲಿ ಸರಿಯಾದ ಜೀನ್ ಇದ್ದರೆ ಒಳಗಿನ ಎರಡನೇ ಕಾವಲು ಆ ಪ್ರೋಟೀನನ್ನೇ ಪತ್ತೆ ಹಚ್ಚುತ್ತದೆ. ಆಗ ಆ ಕೋಶ ತಾನಾಗಿಯೇ ಸಾಯುತ್ತದೆ. ತುಕ್ಕು ಬದುಕುವುದು ಜೀವಂತ ಕೋಶದಲ್ಲಿ ಮಾತ್ರ, ಕೋಶ ಸತ್ತರೆ ಅದಕ್ಕೆ ಊಟ ಇಲ್ಲ. ಎಲೆಯ ಮೇಲೆ ಸಣ್ಣ ಹಳದಿ ಚುಕ್ಕೆ ಉಳಿಯುತ್ತದೆ, ಅಡಿಯಲ್ಲಿ ಕಿತ್ತಳೆ ಪುಡಿ ಬರುವುದಿಲ್ಲ. ಶುರುವಿನ ತುಕ್ಕೂ ಹೀಗೇ ಕಾಣುತ್ತದೆ ಅನ್ನಿ. ಅದಕ್ಕೇ ಎಲೆ ಮಗುಚಿ ನೋಡುತ್ತಿರಬೇಕು. ಪುಡಿ ಬರಲೇ ಇಲ್ಲವೆಂದರೆ ಗಿಡ ಗೆದ್ದಿದೆ. ಅಂಥ ಚುಕ್ಕೆಗೂ ಗಾಬರಿಬಿದ್ದು ಔಷಧಿ ಹೊಡೆಸುವವರಿದ್ದಾರೆ.

ಎರಡನೇ ಕಾವಲಿನ ಕಷ್ಟವೆಂದರೆ, ಅದಕ್ಕೆ ಗೊತ್ತಿರುವುದು ಕೆಲವೇ ಮುಖಗಳು. 1911ರಲ್ಲಿ ಮೈಸೂರು ಸೀಮೆಯ ತೋಟವೊಂದರಲ್ಲಿ ಕೆಂಟ್ ಎಂಬ ಪ್ಲಾಂಟರ್ ಆರಿಸಿದ ‘ಕೆಂಟ್ಸ್’ ತಳಿಗೆ ತುಕ್ಕು ಹತ್ತುವುದಿಲ್ಲ ಎಂದೇ ಎಲ್ಲರೂ ನೆಟ್ಟರು. ಆಮೇಲೆ ಅದಕ್ಕೂ ಹತ್ತಿತು. ತುಕ್ಕಿನಲ್ಲೇ ಬೇರೆ ಬೇರೆ ಬಗೆಗಳಿವೆ ಎಂದು 1932ರಲ್ಲಿ ತೋರಿಸಿದವರು ನಮ್ಮ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲಿದ್ದ ವಿಜ್ಞಾನಿ ಮೇಯ್ನ್. ಲೈಬೀರಿಕಾ ಕಾಫಿಯಿಂದ ಬಂದ ಜೀನನ್ನು ಕೆಂಟ್ಸ್ ಜೊತೆ ಕೂಡಿಸಿ 1940ರ ದಶಕದಲ್ಲಿ ಎಸ್.795 ಬಂತು. ಅದನ್ನೂ ಮೀರಿಸುವ ತುಕ್ಕು ಈಗ ಇದೆ. ಆದರೂ ಕಪ್‌ನಲ್ಲಿ ಎಸ್.795ರ ರುಚಿಗೆ ಸಾಟಿ ಇಲ್ಲ, ಹಾಗಾಗಿ ನಾವಂತೂ ಕಿತ್ತಿಲ್ಲ.

ಗಿಡದ ಕಾವಲನ್ನು ಮೊದಲೇ ಎಬ್ಬಿಸುವ ಮದ್ದೇ ಇಲ್ಲವೆಂದಲ್ಲ. ಜಪಾನಿನಲ್ಲಿ ಭತ್ತದ ಬೆಂಕಿ ರೋಗಕ್ಕೆ ಪ್ರೊಬೆನಜೋಲ್ 1970ರ ದಶಕದಿಂದಲೂ ಬಳಕೆಯಲ್ಲಿದೆ. ಆದರೆ ಅದು ಹೆಸರು, ಪ್ರಮಾಣ ಎಲ್ಲ ಗೊತ್ತಿರುವ ರಾಸಾಯನಿಕ. ಕಾವಲು ಸದಾ ಎದ್ದೇ ಇದ್ದರೆ ಗಿಡದ ಬೆಳವಣಿಗೆಗೂ ಪೆಟ್ಟು, ಅದಕ್ಕೇ ಪ್ರಮಾಣ ಮುಖ್ಯ. ಬಾಟಲಿ ಮೇಲೆ ಸುಮ್ನೆ ‘ಇಮ್ಯೂನಿಟಿ ಬೂಸ್ಟರ್’ ಎಂದು ಬರೆದು, ಒಳಗೇನಿದೆ ಎಂದು ಹೇಳದಿದ್ದರೆ ನಾವು ನಂಬುವುದು ಏನನ್ನು?

ನನ್ನ ವಿನಂತಿ ಇಷ್ಟೇ. ‘ರೋಗ ನಿರೋಧಕ ತಳಿ’ ಎಂದು ಅಚ್ಚು ಹಾಕುವಾಗ ಯಾವ ರೋಗಕ್ಕೆ, ಯಾವ ಊರಿನಲ್ಲಿ ಪರೀಕ್ಷಿಸಿದ್ದು, ಯಾವ ವರ್ಷ ಎಂಬುದನ್ನೂ ಹಾಕಿ. ಟಾನಿಕ್ ಬಗ್ಗೆ ಬರೆದರೆ ಅದರಲ್ಲಿರುವ ವಸ್ತುವಿನ ಹೆಸರು ಕೊಡಿ. ನಾವು ಈ ಸಲವೂ ಮಳೆಗೆ ಮುಂಚೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನೇ ಹೊಡೆಸುತ್ತೇವೆ, ಎಲೆಯ ಅಡಿಗೆ ತಾಗುವ ಹಾಗೆ.

– ಒಬ್ಬ ಕಾಫಿ ಬೆಳೆಗಾರ್ತಿ, ಮೂಡಿಗೆರೆ ತಾಲ್ಲೂಕು