ಕುದುರೆಗಿಂತ ಮೊದಲು ಹೆಲ್ಮೆಟ್ ತಗೋ

ಯಾರ್ಕ್‌ಶೈರ್, ಇಂಗ್ಲೆಂಡ್
ಜೂನ್ 8, ಭಾನುವಾರ

ಪ್ರೀತಿಯ ತಮ್ಮನಿಗೆ ಅಕ್ಕನ ಆಶೀರ್ವಾದಗಳು. ಅಪ್ಪ, ಅಮ್ಮನಿಗೆ ನಮಸ್ಕಾರ. ನಾನಿಲ್ಲಿ ಕ್ಷೇಮ.

ಅಲ್ಲಿ ಮಿರ್ಗದ ಮಳೆ ಹಿಡಿದಿರಬೇಕು, ಅಲ್ವಾ? ಇಲ್ಲಿ ರಾತ್ರಿ ಒಂಬತ್ತೂವರೆಯಾದರೂ ಇನ್ನೂ ಬೆಳಕಿದೆ. ಕುದುರೆಗಳಿಗೆ ಹುಲ್ಲು ಹಾಕಿ ಬಂದು ಈಗ ಬರೆಯಲು ಕೂತಿದ್ದೇನೆ. ಫೋನಲ್ಲಿ ಹೇಳಬಹುದಿತ್ತು. ಆದರೆ ಫೋನಲ್ಲಿ ನೀನು "ಆಯ್ತು ಬಿಡೇ ಅಕ್ಕ" ಅಂದುಬಿಡುತ್ತೀಯ. ಕಾಗದವಾದರೆ ಅಡುಗೆಮನೆಯ ಗೋಡೆಗೆ ಸಿಕ್ಕಿಸಿ ಇಡಬಹುದು. ಅಮ್ಮನಿಗೂ ಓದಿ ಹೇಳು, ಮಧ್ಯದಲ್ಲಿ ಬಿಡದೆ.

ನೀನು ಕಳಿಸಿದ ವಿಡಿಯೋವನ್ನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಹೋಂಸ್ಟೇಗೆ ಎರಡು ಕುದುರೆ ತರುವ ಯೋಚನೆ ಕೇಳಿ ಖುಷಿಯಾಯಿತು. ದೀಪಾವಳಿ ಹೊತ್ತಿಗೆ ಕವಲೇದುರ್ಗದ ಕೋಟೆ ನೋಡಲು ಬರುವವರು ಜಾಸ್ತಿಯಾಗುತ್ತಾರೆ, ತೋಟದ ಸುತ್ತ ಒಂದು ಸುತ್ತು ಹೊಡೆಸಿದರೆ ಮಕ್ಕಳಿಗೆ ಇಷ್ಟವಾಗುತ್ತದೆ ಅಂದೆ. ನಿಜ. ಆದರೆ ಆ ವಿಡಿಯೋದಲ್ಲಿ ನೀನು ಬರೀ ತಲೆಯಲ್ಲಿ ಯಾರದೋ ಕುದುರೆ ಮೇಲಿದ್ದೀಯ. ಮುಂದೆ ಪುಟ್ಟಿಯನ್ನು ಕೂರಿಸಿಕೊಂಡಿದ್ದೀಯ, ಅವಳದೂ ಬರೀ ತಲೆ. ಕೆಳಗೆ ಜಂಬಿಟ್ಟಿಗೆ ಕಲ್ಲಿನ ಅಂಗಳ. ಹಿಂದಿನಿಂದ ಅಮ್ಮ "ಎಷ್ಟು ಚಂದ ಕಾಣ್ತಾಳೆ" ಅನ್ನುವುದು ಕೇಳಿಸುತ್ತದೆ. ಹನ್ನೆರಡನೇ ಸೆಕೆಂಡಿಗೆ ಕುದುರೆ ಒಮ್ಮೆ ಕಿವಿ ನಿಮಿರಿಸಿ ತಲೆ ಎತ್ತುತ್ತದೆ. ನೀನು ಗಮನಿಸಿಲ್ಲ, ನಗುತ್ತಿದ್ದೀಯ. ನಾನು ಅಲ್ಲೇ ನಿಲ್ಲಿಸಿ ಕಣ್ಣು ಮುಚ್ಚಿಕೊಂಡೆ.

ಯಾಕೆ ಅಂತ ಹೇಳುತ್ತೇನೆ. ಇಷ್ಟು ದಿನ ಮನೆಗೆ ಹೇಳದ ಒಂದು ವಿಷಯವಿದೆ. ಅಮ್ಮ ಗಾಬರಿಯಾಗಬಾರದು, ನಾನೀಗ ಪೂರ್ತಿ ಚೆನ್ನಾಗಿದ್ದೇನೆ.

ಕಳೆದ ನವೆಂಬರಿನಲ್ಲಿ ನಾನು ಕುದುರೆ ಮೇಲಿಂದ ಬಿದ್ದೆ. ಓಡಿಸುವಾಗಲ್ಲ, ಹಾರಿಸುವಾಗಲೂ ಅಲ್ಲ. ಸುಮ್ನೆ ನಡೆಸಿಕೊಂಡು ಹೋಗುತ್ತಿದ್ದೆ. ಲಾಯದಿಂದ ಹೊಲಕ್ಕೆ ಹೋಗುವ ಸಣ್ಣ ರಸ್ತೆ, ಎರಡೂ ಕಡೆ ಬೇಲಿ. ನಮ್ಮ ಲಾಯದಲ್ಲೇ ಸಾಧು ಅಂತ ಹೆಸರಾದ ಕಂದು ಬಣ್ಣದ ಹೆಣ್ಣು ಕುದುರೆ. ಹದಿನಾರು ವರ್ಷದ್ದು, ಸಣ್ಣ ಮಕ್ಕಳನ್ನೂ ಕೂರಿಸುತ್ತೇವೆ. ಬೇಲಿಯೊಳಗಿಂದ ಒಂದು ಫೆಸೆಂಟ್ ಹಕ್ಕಿ ಬರ್ರಂತ ಎದ್ದಿತು. ನಮ್ಮ ಕಾಡುಕೋಳಿ ಲಂಟಾನದ ಮಟ್ಟಿಯಿಂದ ಏಳುವುದಿಲ್ಲವೇ, ಥೇಟ್ ಹಾಗೆ. ಕುದುರೆ ಒಂದೇ ನೆಗೆತಕ್ಕೆ ಪಕ್ಕಕ್ಕೆ ಹೋಯಿತು. ನಾನಿದ್ದ ಜಾಗದಲ್ಲಿ ಕುದುರೆ ಇರಲಿಲ್ಲ. ಅಷ್ಟೇ ನೆನಪಿರುವುದು. ಆಮೇಲೆ ಆಕಾಶ ಕಂಡಿತು, ಬಾಯಲ್ಲಿ ಮಣ್ಣಿನ ರುಚಿ. ತಲೆಯ ಹಿಂಭಾಗ ರಸ್ತೆಯಂಚಿನ ಕಲ್ಲಿಗೆ ಹೊಡೆದಿತ್ತು.

ಎರಡು ದಿನ ತಲೆ ಸುತ್ತಿತು. ಬೆಳಕು ನೋಡಿದರೆ ಹೊಟ್ಟೆ ತೊಳಸುತ್ತಿತ್ತು. ಡಾಕ್ಟರು ನೋಡಿ, ಮೂರು ವಾರ ಕುದುರೆ ಹತ್ತಬೇಡ ಅಂದರು. ಅಷ್ಟಕ್ಕೇ ಮುಗಿಯಿತು.

ಅಷ್ಟಕ್ಕೇ ಯಾಕೆ ಮುಗಿಯಿತು ಅನ್ನುವುದು ನನ್ನ ಮೇಜಿನ ಮೇಲಿದೆ. ಆ ಹೆಲ್ಮೆಟ್ ಎಸೆದಿಲ್ಲ. ಹೊರಗಿನಿಂದ ನೋಡಿದರೆ ಒಂದು ಗೀರು, ಬೇರೇನಿಲ್ಲ. ಒಳಗಿನ ಬಟ್ಟೆ ಬಿಚ್ಚಿದರೆ ಥರ್ಮಾಕೋಲಿನಂಥ ಗಟ್ಟಿ ಪದರ ಕಾಣುತ್ತದೆ. ಹಿಂಭಾಗದಲ್ಲಿ ಅದು ತಗ್ಗಾಗಿ ಕುಸಿದಿದೆ. ನನ್ನ ಹೆಬ್ಬೆರಳಿನ ತುದಿ ಸರಿಯಾಗಿ ಅದರಲ್ಲಿ ಕೂರುತ್ತದೆ. ಅಲ್ಲಿಂದ ಒಂದು ಬಿರುಕು ಕಿವಿಯ ಕಡೆಗೆ ಹೋಗಿದೆ. ಆ ತಗ್ಗು ನನ್ನ ಬುರುಡೆಗೆ ಬೀಳಬೇಕಿದ್ದದ್ದು.

ಅದು ಕೆಲಸ ಮಾಡುವ ರೀತಿ ನಿನಗೆ ಗೊತ್ತಿರುವುದೇ. ಸುಲಿದ ತೆಂಗಿನಕಾಯಿ ಕಲ್ಲಿನ ಮೇಲೆ ಬಿದ್ದರೆ ಒಡೆಯುತ್ತದೆ, ದರಗಿನ ರಾಶಿಯ ಮೇಲೆ ಬಿದ್ದರೆ ಒಡೆಯುವುದಿಲ್ಲ. ದರಗು ಕುಸಿಯುತ್ತಾ ಕುಸಿಯುತ್ತಾ ಪೆಟ್ಟನ್ನು ತಾನು ತಿನ್ನುತ್ತದೆ. ಹೆಲ್ಮೆಟ್ಟಿನ ಪದರವೂ ಹಾಗೆಯೇ. ಬುರುಡೆಯೊಳಗೆ ಮಿದುಳು ನೀರಿನಲ್ಲಿ ತೇಲಿದ ಹಾಗಿರುತ್ತದೆ. ತಲೆ ಫಕ್ಕನೆ ನಿಂತರೆ ಮಿದುಳು ಹೋಗಿ ಮೂಳೆಗೆ ಹೊಡೆಯುತ್ತದೆ. ಆ ಪದರ ತಲೆಯನ್ನು ಒಂದಿಷ್ಟು ನಿಧಾನವಾಗಿ ನಿಲ್ಲಿಸುತ್ತದೆ. ಒಮ್ಮೆ ಕುಸಿದದ್ದು ಮತ್ತೆ ಉಬ್ಬುವುದಿಲ್ಲ. ಅದಕ್ಕೇ ಒಂದು ಸಲ ಜೋರಾಗಿ ಬಿದ್ದ ಹೆಲ್ಮೆಟ್ಟನ್ನು ಮತ್ತೆ ಹಾಕಬಾರದು, ಹೊರಗೆ ಎಷ್ಟೇ ಹೊಸದಾಗಿ ಕಂಡರೂ.

ಅವತ್ತು ನಾನು ಹೆಲ್ಮೆಟ್ ಇಲ್ಲದೆಯೇ ಹೊರಟಿದ್ದೆ, ಗೊತ್ತಾ? ಕೂದಲು ಒದ್ದೆಯಾಗಿತ್ತು. ಇನ್ನೂರು ಹೆಜ್ಜೆ ತಾನೇ ಅಂದುಕೊಂಡಿದ್ದೆ. ಗೇಟಿನ ಹತ್ತಿರ ಲಾಯದ ಮೇಲ್ವಿಚಾರಕಿ ನಿಂತಿದ್ದರು, ಅರವತ್ತು ದಾಟಿದ ಹೆಂಗಸು. ಏನೂ ಬೈಯಲಿಲ್ಲ. ಕುದುರೆಯ ಲಗಾಮು ಹಿಡಿದುಕೊಂಡು, ಒಳಗೆ ಹೋಗಿ ಹಾಕಿಕೊಂಡು ಬಾ ಅಂತ ಕೈ ಮಾಡಿದರು. ನಾನು ಮುಖ ಗಂಟು ಹಾಕಿಕೊಂಡೇ ಹೋಗಿ ತಂದೆ. ಐದು ನಿಮಿಷಕ್ಕೆ ಬಿದ್ದೆ.

ನಮ್ಮನೆ ಗೇಟಿನಲ್ಲಿ ಹಾಗೆ ನಿಲ್ಲುವವನು ನೀನಾಗಬೇಕು ಅಂತ ನನ್ನ ಆಸೆ.

"ನಿಧಾನಕ್ಕೆ ನಡೆಸ್ತೀವಿ, ಓಡಿಸಲ್ಲ" ಅಂತ ನೀನು ಹೇಳುತ್ತೀಯ, ಗೊತ್ತು. ಕುದುರೆ 450, 500 ಕಿಲೋ ತೂಕದ ಪ್ರಾಣಿ. ಇಲ್ಲಿ ಕುದುರೆಯನ್ನು 'ಹ್ಯಾಂಡ್' ಲೆಕ್ಕದಲ್ಲಿ ಅಳೆಯುತ್ತಾರೆ, ಒಂದು ಹ್ಯಾಂಡ್ ಅಂದರೆ ನಾಲ್ಕು ಇಂಚು; ಹದಿನೈದು ಹ್ಯಾಂಡಿನ ಸಾಧಾರಣ ಕುದುರೆಯ ಭುಜ ಐದು ಅಡಿ ಎತ್ತರದಲ್ಲಿರುತ್ತದೆ. ಅದರ ಮೇಲೆ ಕೂತವನ ತಲೆ ಎಂಟು ಅಡಿಯಾದರೂ ಆಗುತ್ತದೆ. ಕುದುರೆ ನಿಂತಲ್ಲೇ ಇದ್ದರೂ ಬೀಳುವ ಎತ್ತರ ಅಷ್ಟೇ. ಇನ್ನೊಂದು, ಕುದುರೆ ಹುಟ್ಟಿನಿಂದಲೇ ಬೇಟೆಗೆ ಹೆದರುವ ಜೀವ. ಕಣ್ಣು ಎರಡೂ ಪಕ್ಕದಲ್ಲಿವೆ, ಸುತ್ತಲೂ ಹೆಚ್ಚುಕಡಿಮೆ ಎಲ್ಲ ಕಾಣುತ್ತದೆ. ಕಂಡದ್ದು ಏನು ಅಂತ ಯೋಚಿಸುವ ಮೊದಲು ಓಡುತ್ತದೆ. ಅದು ಅದರ ತಪ್ಪಲ್ಲ, ಹಾಗೆ ಓಡಿದ್ದರಿಂದಲೇ ಅದು ಬದುಕಿ ಬಂದಿದೆ. ನಮ್ಮ ಊರಿನಲ್ಲಿ ಹೆದರಿಸುವುದಕ್ಕೆ ಏನು ಕಡಿಮೆ ಇದೆ ಹೇಳು. ಮಂಗ ಓಡಿಸಲು ಹೊಡೆಯುವ ಗರ್ನಾಲು. ರೆಕ್ಕೆ ಬೀಸಿ ಸದ್ದು ಮಾಡುವ ಮಂಗಟ್ಟೆ. ತಿರುವಿನಲ್ಲಿ ಹಾರ್ನ್ ಹೊಡೆಯುವ ಬಸ್ಸು. ಮಳೆಗಾಲದಲ್ಲಿ ಪಾಚಿ ಹಿಡಿದ ಚಪ್ಪಡಿ ಮೇಲೆ ನಾವೇ ಜಾರುತ್ತೇವೆ, ಲಾಳ ಹೊಡೆದ ಕಾಲಿನ ಗತಿ ಏನು? ನಮ್ಮ ಹಲಸಿನ ಮರದ ಕೆಳಗಿನ ಕೊಂಬೆ ಬೇರೆ ಇದೆ. ಕುದುರೆ ತರುವ ಮೊದಲು ಅದನ್ನು ಕಡಿಸು.

ಪಳಗಿದವರಿಗೆ ಬೇಡ ಅನ್ನುವ ಮಾತು ಇಲ್ಲೂ ಇತ್ತು. ಕೋರ್ಟ್ನಿ ಕಿಂಗ್ ಡೈ ಅಂತ ಅಮೆರಿಕದ ಸವಾರೆ, 2008ರ ಬೀಜಿಂಗ್ ಒಲಿಂಪಿಕ್ಸಿಗೆ ಹೋಗಿದ್ದವರು. 2010ರ ಮಾರ್ಚಿನಲ್ಲಿ ಫ್ಲೋರಿಡಾದಲ್ಲಿ ಕುದುರೆಗೆ ತರಬೇತಿ ಕೊಡುವಾಗ ಅದು ತನ್ನ ಕಾಲಿಗೇ ತೊಡರಿ ಬಿತ್ತು. ಅವರ ತಲೆಗೆ ಹೆಲ್ಮೆಟ್ ಇರಲಿಲ್ಲ. ಬುರುಡೆ ಒಡೆದು ನಾಲ್ಕು ವಾರ ಕೋಮಾದಲ್ಲಿದ್ದರು. ಆಮೇಲೆ ನಡೆಯುವುದನ್ನು, ಮಾತಾಡುವುದನ್ನು ಮತ್ತೆ ಮೊದಲಿನಿಂದ ಕಲಿಯಬೇಕಾಯಿತು. ಅವರ ಆಟಕ್ಕೆ ಡ್ರೆಸಾಜ್ ಅನ್ನುತ್ತಾರೆ, ಕುದುರೆಯನ್ನು ಲಯಬದ್ಧ ಹೆಜ್ಜೆಯಲ್ಲಿ ನಡೆಸುವ ಸ್ಪರ್ಧೆ. ಅದರಲ್ಲಿ ಆಗ ಉದ್ದ ರೇಷ್ಮೆ ಟೋಪಿ ಹಾಕುವುದು ಗೌರವದ ಲಕ್ಷಣ. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಬ್ರಿಟನ್ನಿನ ಸವಾರೆ ಷಾರ್ಲೆಟ್ ಡುಜಾರ್ಡಿನ್ ಆ ಟೋಪಿ ಬಿಟ್ಟು ಹೆಲ್ಮೆಟ್ ಹಾಕಿಕೊಂಡು ಬಂದು ಚಿನ್ನ ಗೆದ್ದರು. 2021ರಿಂದ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಆ ಟೋಪಿ ಹೋಗಿ ಹೆಲ್ಮೆಟ್ ಕಡ್ಡಾಯವಾಯಿತು. ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ ಟೋಕಿಯೋ ಒಲಿಂಪಿಕ್ಸಿನಲ್ಲಿ 23ನೇ ಸ್ಥಾನಕ್ಕೆ ಬಂದದ್ದು ನೆನಪಿದೆಯಾ? ಆ ಫೋಟೋ ಹುಡುಕಿ ಪುಟ್ಟಿಗೆ ತೋರಿಸು. ತಲೆಗೆ ಹೆಲ್ಮೆಟ್, ಎದೆಗೆ ಕವಚ.

ಇಲ್ಲಿ 14 ವರ್ಷದೊಳಗಿನ ಮಕ್ಕಳು ರಸ್ತೆಯಲ್ಲಿ ಕುದುರೆ ಮೇಲೆ ಹೋಗಬೇಕಾದರೆ ಹೆಲ್ಮೆಟ್ ಇರಲೇಬೇಕು ಅಂತ 1990ರಲ್ಲೇ ಕಾನೂನು ಮಾಡಿದ್ದಾರೆ. ಪುಟ್ಟಿಗೆ ಈಗ ಏಳು.

ಹೆಲ್ಮೆಟ್ ಹಾಕಿದರೆ ಏನೂ ಆಗುವುದಿಲ್ಲ ಅಂತ ನಾನು ಹೇಳುವುದಿಲ್ಲ. ಸೂಪರ್‌ಮ್ಯಾನ್ ಪಾತ್ರ ಮಾಡಿದ ಕ್ರಿಸ್ಟೋಫರ್ ರೀವ್ 1995ರಲ್ಲಿ ಬಿದ್ದಾಗ ಹೆಲ್ಮೆಟ್ ಹಾಕಿದ್ದರು. ಕುತ್ತಿಗೆಯ ಮೂಳೆ ಮುರಿದು ಕೈಕಾಲು ಹೋಯಿತು. ಹೆಲ್ಮೆಟ್ ಕುತ್ತಿಗೆ ಕಾಯುವುದಿಲ್ಲ. ಅದಕ್ಕೆ ಸಾಧು ಕುದುರೆ ಬೇಕು, ಬುದ್ಧಿ ಇರುವ ಸವಾರ ಬೇಕು, ಒಂದು ಕುದುರೆಗೆ ಒಬ್ಬರೇ ಕೂರಬೇಕು. ಪುಟ್ಟಿಯನ್ನು ಇನ್ನು ಮುಂದೆ ನಿನ್ನ ಮುಂದೆ ಕೂರಿಸಬೇಡ. ಬಿದ್ದರೆ ನೀನು ಅವಳ ಮೇಲೆ ಬೀಳುತ್ತೀಯ.

ಇನ್ನು ಯಾವ ಹೆಲ್ಮೆಟ್ ಅನ್ನುವುದು. ನಿನ್ನ ಬೈಕಿನದು ಬೇಡ. ಐಎಸ್‌ಐ ಗುರುತು ಇದ್ದರೂ ಅದು ರಸ್ತೆಗೆ ಮಾಡಿದ್ದು. ಭಾರ, ಕಿವಿ ಮುಚ್ಚುತ್ತದೆ, ಪಕ್ಕಕ್ಕೆ ಸರಿಯಾಗಿ ಕಾಣುವುದಿಲ್ಲ. ಸೈಕಲ್ಲಿನದೂ ಬೇಡ, ಅದು ತಲೆಯ ಹಿಂಭಾಗವನ್ನು ಕೆಳಗಿನವರೆಗೆ ಮುಚ್ಚುವುದಿಲ್ಲ. ಕುದುರೆ ಸವಾರಿಗೆ ಅಂತಲೇ ಮಾಡಿದ್ದು ಬೇಕು. ಒಳಗೆ ಪಿಎಎಸ್ 015 (PAS 015), ವಿಜಿ1 (VG1), ಎಎಸ್‌ಟಿಎಂ ಎಫ್1163 (ASTM F1163), ಈ ಸುರಕ್ಷತಾ ಗುರುತುಗಳಲ್ಲಿ ಒಂದಾದರೂ ಬರೆದಿರಬೇಕು. ಬರೀ ಮಖಮಲ್ಲಿನ ಚಂದದ ಟೋಪಿ ತೋರಿಸಿ ಮಾರಿದರೆ ತಗೋಬೇಡ. ಬೇರೆಯವರು ಬಳಸಿದ್ದನ್ನು ಅಗ್ಗಕ್ಕೆ ಕೊಟ್ಟರೂ ಬೇಡ, ಅದು ಎಷ್ಟು ಸಲ ಬಿದ್ದಿದೆಯೋ ಯಾರಿಗೆ ಗೊತ್ತು?

ಹಾಕುವಾಗ ಹುಬ್ಬಿನಿಂದ ಎರಡು ಬೆರಳು ಮೇಲೆ, ನೆಟ್ಟಗೆ ಕೂರಬೇಕು. ಹಣೆ ಕಾಣಲಿ ಅಂತ ಹಿಂದಕ್ಕೆ ಸರಿಸಬಾರದು. ಪಟ್ಟಿ ಕಟ್ಟುವ ಮೊದಲು ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಹಣೆಯ ಚರ್ಮವೂ ಜೊತೆಗೆ ಅಲ್ಲಾಡಬೇಕು. ಆಮೇಲೆ ಗದ್ದದ ಪಟ್ಟಿ ಬಿಗಿ. ಪಟ್ಟಿ ಕಟ್ಟದಿದ್ದರೆ ಬೀಳುವಾಗ ಹೆಲ್ಮೆಟ್ ಒಂದು ಕಡೆ, ತಲೆ ಒಂದು ಕಡೆ. ಅಮ್ಮ, ಪುಟ್ಟಿಗೆ ಅವತ್ತು ತುರುಬು ಕಟ್ಟಬೇಡಿ, ಹೂವೂ ಬೇಡ. ಕೆಳಗೆ ಇಳಿಬಿಟ್ಟ ಒಂದು ಜಡೆ ಸಾಕು.

ಇದೊಂದನ್ನು ನಮ್ಮೂರಿನವರಿಗೆ ಅಂತಲೇ ಹೇಳಬೇಕು. ಮಳೆಗಾಲದಲ್ಲಿ ಒಳಗಿನ ಬಟ್ಟೆಗೆ ಬೂಸ್ಟು ಬರುತ್ತದೆ. ಆಗ ನೀವೆಲ್ಲ ಸೇರಿ ಅದನ್ನು ಬಚ್ಚಲೊಲೆಯ ಮೇಲೆ, ಕಂಬಳಿ ಒಣಗಿಸುವ ಕಡೆ ತೂಗುಹಾಕುತ್ತೀರಿ. ಹಾಕಬೇಡಿ. ಬಿಸಿಗೆ ಆ ಪದರ ಕೆಡುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಜೀಪಿನೊಳಗೂ ಬಿಡಬೇಡಿ. ಬಟ್ಟೆ ಬಿಚ್ಚಿ ತೊಳೆದು, ಜಗಲಿಯ ಗಾಳಿಗೆ ಇಟ್ಟರೆ ಒಣಗುತ್ತದೆ, ಎರಡು ದಿನ ಜಾಸ್ತಿ ಹಿಡಿಯಬಹುದು ಅಷ್ಟೇ.

ಬೆಂಗಳೂರಿನಿಂದ ಬಂದವರು ಕೇಳುತ್ತಾರೆ, ಫೋಟೋಗೆ ಐದು ನಿಮಿಷ ಹೆಲ್ಮೆಟ್ ತೆಗೀತೀವಿ, ಕೂದಲು ಕಾಣಲಿ ಅಂತ. ಬೇಡ ಅನ್ನು. ಕೋಪ ಮಾಡಿಕೊಂಡರೆ ಕುದುರೆ ಇಲ್ಲದೆ ಹೋಗಲಿ, ಕಾಫಿ ಕೊಟ್ಟು ಕಳಿಸು. ನಮ್ಮನೆಯಿಂದ ಶಿವಮೊಗ್ಗದ ಆಸ್ಪತ್ರೆಗೆ ಹೋಗಲು ತೀರ್ಥಹಳ್ಳಿ ದಾಟಿ 60 ಕಿಲೋಮೀಟರಿಗೂ ಜಾಸ್ತಿ ಹೋಗಬೇಕು. ಮಣಿಪಾಲಕ್ಕಾದರೆ ಆಗುಂಬೆ ಘಾಟಿ ಇಳಿಯಬೇಕು. ತಲೆಗೆ ಪೆಟ್ಟಾದವರನ್ನು ಆ ತಿರುವುಗಳಲ್ಲಿ ಮಳೆಯಲ್ಲಿ ಕರೆದುಕೊಂಡು ಹೋಗುವುದನ್ನು ಒಮ್ಮೆ ಮನಸ್ಸಿಗೆ ತಂದುಕೋ. ಯಾರಾದರೂ ಬಿದ್ದರೆ, ಎದ್ದು ನಗುತ್ತಾ ಏನೂ ಆಗಿಲ್ಲ ಅಂದರೂ ಅವತ್ತು ಮತ್ತೆ ಹತ್ತಿಸಬೇಡ. ವಾಂತಿ, ತೂಕಡಿಕೆ, ಹೇಳಿದ್ದನ್ನೇ ಹೇಳುವುದು, ಜೋರು ತಲೆನೋವು ಬಂದರೆ ತಡಮಾಡದೆ ಹೊರಡು.

ಅಪ್ಪನಿಗೂ ಒಂದು ಮಾತು. ಕೊನೆಕೊಯ್ಲಿಗೆ ಬರುವವರಿಗೆ ಹಗ್ಗ ಸರಿಯಿದೆಯಾ ಅಂತ ಪ್ರತಿ ಮರಕ್ಕೂ ನೀವೇ ಎಳೆದು ನೋಡುತ್ತಿದ್ದಿರಿ. ನಾನು ಅಡಿಕೆ ಹೆಕ್ಕುವಾಗ ಹಾಳೆಟೋಪಿ ಇಲ್ಲದೆ ಮರದ ಕೆಳಗೆ ಬಿಡುತ್ತಿರಲಿಲ್ಲ. ಕುದುರೆಗಳು ಬಂದ ಮೇಲೂ ಹಾಗೇ ಇರಿ. ಇವನು ಮರೆತರೆ ನೀವು ಹೇಳಿ.

ತಮ್ಮಾ, ಅಕ್ಟೋಬರಿನಲ್ಲಿ ನಾನು ಬರುವಾಗ ನಾಲ್ಕು ಹೆಲ್ಮೆಟ್ ತರುತ್ತೇನೆ, ನಿನಗೆ, ನಿನ್ನ ಹೆಂಡತಿಗೆ, ಪುಟ್ಟಿಗೆ, ಅಪ್ಪನಿಗೆ. ಅತಿಥಿಗಳಿಗೆ ಬೇರೆ ಬೇರೆ ಅಳತೆಯವು ಬೇಕು, ಅದನ್ನು ಅಲ್ಲೇ ಕೊಳ್ಳೋಣ. ಅಲ್ಲಿಯವರೆಗೆ ಕುದುರೆ ತರಬೇಡ. ಅಮ್ಮನ ಹೊಲಿಗೆ ಪೆಟ್ಟಿಗೆಯಲ್ಲಿ ಅಳತೆ ಟೇಪು ಇದೆ. ಹುಬ್ಬಿನ ಸ್ವಲ್ಪ ಮೇಲೆ, ಕಿವಿಯ ಮೇಲಿಂದ ತಲೆಯ ಸುತ್ತ ಹಿಡಿದು, ನಾಲ್ಕೂ ಜನರದ್ದು ಸೆಂಟಿಮೀಟರಿನಲ್ಲಿ ಬರೆದು ಈ ವಾರವೇ ಕಳಿಸು. ಪುಟ್ಟಿ ಅಲ್ಲಾಡುತ್ತಾಳೆ, ಅವಳದ್ದು ಎರಡು ಸಲ ಅಳೆ.

ನಿನ್ನ ಅಕ್ಕ